ಮರಿಗಿಂತ ಮೊದಲು ತಾಯಿಯನ್ನು ನೋಡಿ: ಒಳ್ಳೆಯ ಬ್ರೀಡರ್ ಹುಡುಕುವ ಬಗೆ

ನಾಯಿಮರಿ ತರೋಣ ಅಂತ ಮನೆಯಲ್ಲಿ ತೀರ್ಮಾನವಾದ ದಿನವೇ ಫೋನ್ ಕೈಗೆ ಬರುತ್ತದೆ. ಐದು ನಿಮಿಷ ಹುಡುಕಿದರೆ ಹತ್ತಾರು ಫೋಟೊ. ಬುಟ್ಟಿಯಲ್ಲಿ ಕೂತ ಲ್ಯಾಬ್ರಡಾರ್ ಮರಿ, ಕೊರಳಿಗೆ ಕೆಂಪು ರಿಬ್ಬನ್, ಕೆಳಗೊಂದು ನಂಬರ್. ಕರೆ ಮಾಡಿದರೆ ಆ ಕಡೆಯಿಂದ, "ಸರ್, ಎರಡೇ ಮರಿ ಉಳಿದಿರೋದು. ಸಂಜೆಯೊಳಗೆ ಅಡ್ವಾನ್ಸ್ ಹಾಕಿದ್ರೆ ಹಿಡಿದಿಟ್ಟಿರ್ತೀನಿ" ಅನ್ನುತ್ತಾರೆ. ಮಕ್ಕಳು ಪಕ್ಕದಲ್ಲೇ ನಿಂತು ಫೋಟೊ ನೋಡುತ್ತಿರುತ್ತಾರೆ. ದುಡ್ಡು ಹಾಕುವ ಮೊದಲು ಇಲ್ಲೇ ಒಂದು ನಿಮಿಷ ನಿಲ್ಲಿ.

ಮರಿಯ ಆರೋಗ್ಯ ಮತ್ತು ಗುಣದಲ್ಲಿ ಬಹುಪಾಲು ಅದು ನಿಮ್ಮ ಮನೆಗೆ ಬರುವ ಮೊದಲೇ ಆಗಿಹೋಗಿರುತ್ತದೆ. ಅಪ್ಪ ಅಮ್ಮನಿಂದ ಬಂದದ್ದು ಒಂದು ಪಾಲು. ಹುಟ್ಟಿದ ಮೇಲೆ ಮೊದಲ ಎಂಟು ವಾರ ಎಲ್ಲಿ, ಹೇಗೆ ಬೆಳೆಯಿತು ಅನ್ನುವುದು ಇನ್ನೊಂದು ಪಾಲು. ಎರಡೂ ಬ್ರೀಡರ್, ಅಂದರೆ ತಳಿ ನಾಯಿ ಸಾಕಿ ಮರಿ ಮಾಡಿಸಿ ಮಾರುವವರ ಕೈಯಲ್ಲೇ ಇರುತ್ತವೆ. ಹಾಗಾಗಿ ಮೊದಲು ಆರಿಸಬೇಕಾದ್ದು ತಾಯಿ ನಾಯಿಯನ್ನು, ಅದನ್ನು ಸಾಕುತ್ತಿರುವ ಮನೆಯನ್ನು. ಮರಿ ಆರಿಸುವುದು ಕೊನೆಯ ಕೆಲಸ. ನಮ್ಮ ಊರುಗಳಲ್ಲಿ ಜಾಸ್ತಿ ಜನ ಕೇಳುವುದು ಲ್ಯಾಬ್ರಡಾರ್. ಅದಕ್ಕೇ ಅದನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನಮ್ಮದೇ ಆದ ಮುಧೋಳ ನಾಯಿಯ ಬಗ್ಗೆ ಬೇರೆಯಾಗಿ ಹೇಳಿದ್ದೇನೆ.

ಮೊದಲು ತಳಿ

ತಳಿ ಸರಿಯಾಗಿ ತೀರ್ಮಾನವಾಗದೆ ಬ್ರೀಡರ್ ಹುಡುಕಲು ಹೊರಟರೆ, ಯಾರ ಮನೆಯಲ್ಲಿ ಯಾವ ಮರಿ ಮುದ್ದಾಗಿದೆಯೋ ಅದು ನಿಮ್ಮ ಮನೆಗೆ ಬರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯಲ್ಲಿ ಹಸ್ಕಿ, ಸೇಂಟ್ ಬರ್ನಾರ್ಡ್ ಸಾಕುವುದು ಆ ಪ್ರಾಣಿಗೆ ಹಿಂಸೆ. ಒಳ್ಳೆಯ ಬ್ರೀಡರ್ ಆದರೆ ನೀವಿರುವ ಊರು ಕೇಳಿದ ತಕ್ಷಣ "ಬೇಡ" ಅನ್ನುತ್ತಾರೆ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಉಸಿರಾಟದ್ದೇ ಕಷ್ಟ. ಲ್ಯಾಬ್ರಡಾರ್ ಮನೆ ಮಂದಿಗೆಲ್ಲ ಹೊಂದಿಕೊಳ್ಳುತ್ತದೆ ನಿಜ. ಆದರೆ ಮೊದಲ ಎರಡು ವರ್ಷ ಅದಕ್ಕೆ ದಿನಕ್ಕೆ ಎರಡು ಸಲ ಚೆನ್ನಾಗಿ ಓಡಾಟ ಬೇಕು. ಅದಿಲ್ಲದಿದ್ದರೆ ಸೋಫಾ, ಚಪ್ಪಲಿ ಯಾವುದೂ ಉಳಿಯುವುದಿಲ್ಲ.

"ಈ ತಳಿ ಸಾಧು, ಆ ತಳಿ ಕ್ರೂರಿ" ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ಸುತ್ತೋಲೆ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ತಳಿಗೊಂದು ಸಾಮಾನ್ಯ ಸ್ವಭಾವ ಇರುತ್ತದೆ, ಅದು ಸರಿ. ಆದರೆ ಹೆದರುಪುಕ್ಕಲು ತಾಯಿಗೆ ಹುಟ್ಟಿ, ಪಂಜರದಲ್ಲಿ ಬೆಳೆದ ಲ್ಯಾಬ್ರಡಾರ್ ಕೂಡ ಕಚ್ಚುತ್ತದೆ.

ಇನ್ನೊಂದು ಮಾತು. ತಳಿ ನಾಯಿಯೇ ಬೇಕು ಅನ್ನುವ ಹಟವಿಲ್ಲದಿದ್ದರೆ ಬೀದಿ ನಾಯಿಯ ಮರಿಯೊಂದನ್ನು ದತ್ತು ತನ್ನಿ. ನಮ್ಮ ಹವಾಮಾನಕ್ಕೆ ಅದಕ್ಕಿಂತ ಹೊಂದುವ ನಾಯಿ ಇಲ್ಲ. ಬೆಂಗಳೂರಿನ ಕ್ಯೂಪಾದಂಥ ಪ್ರಾಣಿ ರಕ್ಷಣಾ ಸಂಸ್ಥೆಗಳಲ್ಲಿ ಯಾರೋ ಸಾಕಿ ಬಿಟ್ಟುಹೋದ ತಳಿ ನಾಯಿಗಳೂ ಮನೆಗಾಗಿ ಕಾಯುತ್ತಿರುತ್ತವೆ.

ಎಲ್ಲಿ ಕೇಳಬೇಕು

ಮೊದಲು ನಿಮ್ಮ ಏರಿಯಾದ ಪಶುವೈದ್ಯರನ್ನು ಕೇಳಿ. ಯಾವ ಬ್ರೀಡರ್ ಹತ್ತಿರ ತಂದ ಮರಿ ವಾರದೊಳಗೆ ಡ್ರಿಪ್ ಹಾಕಿಸಿಕೊಳ್ಳಲು ಬರುತ್ತದೆ, ಯಾರ ನಾಯಿಗಳು ಬರೀ ವ್ಯಾಕ್ಸಿನ್‌ಗೆ ಬರುತ್ತವೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. "ನೀವೇ ಒಂದು ಲ್ಯಾಬ್ ತರೋದಾದ್ರೆ ಯಾರ ಹತ್ರ ಹೋಗ್ತಿದ್ರಿ ಡಾಕ್ಟ್ರೆ?" ಅಂತ ನೇರವಾಗಿ ಕೇಳಿ. ಅವರು ಹೆಸರು ಹೇಳಲು ಹಿಂಜರಿದರೂ, ಎಲ್ಲಿಗೆ ಹೋಗಬಾರದು ಅನ್ನುವುದನ್ನು ಹೇಳಿಯೇ ಹೇಳುತ್ತಾರೆ.

ಆಮೇಲೆ ನಾಯಿ ಸಾಕಿರುವವರು. ಬೆಂಗಳೂರಿನವರಾದರೆ ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕ್‌ಗೆ ಹೋಗಿ. ನಿಮಗೆ ಇಷ್ಟವಾದ ತಳಿಯ ನಾಲ್ಕು ವರ್ಷ ದಾಟಿದ, ಶಾಂತವಾಗಿರುವ ನಾಯಿಯನ್ನು ಹುಡುಕಿ. ಅದರ ಮಾಲೀಕರನ್ನು ಮಾತಾಡಿಸಿ. ಎಲ್ಲಿಂದ ತಂದಿರಿ, ಕಾಲು ನೋವು, ಚರ್ಮದ ತೊಂದರೆ ಏನಾದರೂ ಬಂತಾ, ತಂದ ಮೇಲೆ ಬ್ರೀಡರ್ ಫೋನ್ ಎತ್ತುತ್ತಾರಾ, ಎಲ್ಲ ಕೇಳಿ. ನಾಯಿ ಇರುವವರಿಗೆ ನಾಯಿ ಬಗ್ಗೆ ಮಾತಾಡುವುದೆಂದರೆ ಖುಷಿ, ಬೇಸರ ಮಾಡಿಕೊಳ್ಳುವುದಿಲ್ಲ. ಎರಡು ತಿಂಗಳ ಮರಿಯನ್ನು ನೋಡಿ ಬ್ರೀಡರನ್ನು ಅಳೆಯಲು ಆಗದು. ನಾಲ್ಕೈದು ವರ್ಷದ ನಾಯಿಯನ್ನು ನೋಡಿ ಅಳೆಯಬಹುದು.

ಡಾಗ್ ಶೋಗಳೂ ಒಳ್ಳೆಯ ಜಾಗ. ಸ್ಪರ್ಧೆ ನಡೆಯುವಾಗ ಯಾರೂ ಮಾತಿಗೆ ಸಿಗುವುದಿಲ್ಲ. ಮುಗಿದ ಮೇಲೆ, ನೆರಳಲ್ಲಿ ನಾಯಿ ಕಟ್ಟಿಕೊಂಡು ಕೂತಿರುವಾಗ ಹೋಗಿ. ಕಪ್ ಗೆದ್ದಿದ್ದು ಮುಖ್ಯವಲ್ಲ. ಅಷ್ಟು ಗದ್ದಲದಲ್ಲಿ ಆ ನಾಯಿ ಅಪರಿಚಿತರನ್ನು ಹೇಗೆ ಹತ್ತಿರ ಬಿಟ್ಟುಕೊಳ್ಳುತ್ತದೆ ಅನ್ನುವುದನ್ನು ಗಮನಿಸಿ.

ಸಂತೆಯಲ್ಲಿ, ರಸ್ತೆ ಬದಿ ಪಂಜರದಲ್ಲಿ, ಕಾರಿನ ಡಿಕ್ಕಿಯಲ್ಲಿಟ್ಟು ಮಾರುವ ಮರಿಗಳನ್ನು ಕನಿಕರದಿಂದಲೂ ಕೊಳ್ಳಬೇಡಿ. ಹೀಗೆ ಹೇಳುವುದು ಕಟುವಾಗಿ ಕೇಳಿಸಬಹುದು. ಆದರೆ ನೀವು ಒಂದು ಮರಿ ಕೊಂಡು ಬಿಡಿಸಿದರೆ, ಆ ಜಾಗಕ್ಕೆ ಇನ್ನೊಂದು ಮರಿ ಬರುತ್ತದೆ. ಅದನ್ನು ಹೆರುವುದಕ್ಕೆ ಎಲ್ಲೋ ಒಂದು ಶೆಡ್‌ನಲ್ಲಿ ಅದೇ ತಾಯಿಯನ್ನು ಮತ್ತೆ ಕ್ರಾಸ್ ಮಾಡಿಸುತ್ತಾರೆ.

ಫೋನಿನಲ್ಲೇ ಅರ್ಧ ತಿಳಿಯುತ್ತದೆ

ಮೊದಲ ಕರೆಯಲ್ಲಿ ರೇಟ್ ಕೇಳಬೇಡಿ. "ತಾಯಿಯನ್ನ ನೋಡೋಕೆ ಯಾವಾಗ ಬರಬಹುದು?" ಅಂತ ಕೇಳಿ. ಬರುವ ಉತ್ತರದಲ್ಲೇ ತುಂಬ ಗೊತ್ತಾಗುತ್ತದೆ. "ತಾಯಿ ಫಾರ್ಮ್‌ನಲ್ಲಿದೆ", "ತಾಯಿಗೆ ಹುಷಾರಿಲ್ಲ", "ನೀವ್ಯಾಕೆ ಅಷ್ಟು ದೂರ ಬರ್ತೀರಿ, ಮರೀನ ಮೆಟ್ರೋ ಸ್ಟೇಷನ್ ಹತ್ರ ತಂದುಕೊಡ್ತೀನಿ", "ಬಸ್ಸಲ್ಲಿ ಕಳಿಸ್ತೀವಿ, ಡ್ರೈವರ್‌ಗೆ ಹೇಳಿರ್ತೀವಿ". ಇವುಗಳಲ್ಲಿ ಒಂದು ಕೇಳಿಸಿದರೂ ಅಲ್ಲಿಗೆ ಬಿಟ್ಟುಬಿಡಿ. ತಂದೆ ನಾಯಿ ಬೇರೆಯವರ ಮನೆಯಲ್ಲಿರುವುದು ಸಹಜ. ಒಳ್ಳೆಯ ಗಂಡು ನಾಯಿಗಾಗಿ ಬೇರೆ ಊರಿಗೂ ಹೋಗಿ ಕ್ರಾಸ್ ಮಾಡಿಸಿಕೊಂಡು ಬರುತ್ತಾರೆ. ಆದರೆ ಹಾಲು ಕುಡಿಸುವ ತಾಯಿ ಮರಿಗಳ ಜೊತೆ ಇಲ್ಲ ಅಂದರೆ, ಆ ಮರಿಗಳು ಅಲ್ಲಿ ಹುಟ್ಟಿದ್ದಲ್ಲ. ಎಲ್ಲಿಂದಲೋ ತರಿಸಿ ಮಾರುತ್ತಿದ್ದಾರೆ.

"ಹೆವಿ ಬೋನ್", "ಪಂಚ್ ಫೇಸ್", "ಚಾಂಪಿಯನ್ ಲೈನ್", "ಟೀ ಕಪ್ ಸೈಜ್" ಅನ್ನುವ ಮಾತುಗಳೇ ತುಂಬಿದ್ದರೂ ಹುಷಾರು. ಆರೋಗ್ಯದ ಬಗ್ಗೆ ಒಂದು ಮಾತೂ ಬರದೆ ಬರೀ ಗಾತ್ರ, ಮುಖ, ಬಣ್ಣದ ಮಾತು ಬಂದರೆ ಅವರ ಗಮನ ಎಲ್ಲಿದೆ ಅಂತ ಗೊತ್ತಾಯಿತಲ್ವಾ?

ಒಳ್ಳೆಯ ಬ್ರೀಡರ್ ನಿಮ್ಮನ್ನೇ ಪ್ರಶ್ನೆ ಕೇಳುತ್ತಾರೆ. ಸ್ವಂತ ಮನೆಯೋ, ಬಾಡಿಗೆಯೋ? ಮಾಲೀಕರು ಒಪ್ಪಿದ್ದಾರಾ? ಹಗಲು ಮನೆಯಲ್ಲಿ ಯಾರಿರುತ್ತಾರೆ? ಹಿಂದೆ ನಾಯಿ ಸಾಕಿದ್ದಿರಾ, ಅದು ಹೇಗೆ ಸತ್ತಿತು? ಅಧಿಕಪ್ರಸಂಗ ಅಂದುಕೊಳ್ಳಬೇಡಿ. ತಮ್ಮ ಮರಿ ಎಂಥ ಮನೆಗೆ ಹೋಗುತ್ತದೆ ಅನ್ನುವ ಕಾಳಜಿ ಇರುವವರು ಮಾತ್ರ ಇಷ್ಟೆಲ್ಲ ಕೇಳುವುದು. "ಈಗ ಮರಿ ಇಲ್ಲ, ಮುಂದಿನ ಸಲ ಬೆದೆಗೆ ಬಂದಾಗ ನೋಡೋಣ, ಆರು ತಿಂಗಳು ಕಾಯಬೇಕಾಗುತ್ತೆ" ಅಂದರೆ ಸಂತೋಷಪಡಿ. ಯಾವಾಗ ಕೇಳಿದರೂ ಎಂಟು ತಳಿಯ ಮರಿ ರೆಡಿ ಇರುವ ಜಾಗಕ್ಕಿಂತ ಇದು ಎಷ್ಟೋ ಮೇಲು.

ಮನೆಗೆ ಹೋದಾಗ

ಮಕ್ಕಳನ್ನು ಮೊದಲ ಸಲ ಕರೆದುಕೊಂಡು ಹೋಗಬೇಡಿ. ಮಗು ಮರಿಯನ್ನು ಎತ್ತಿಕೊಂಡ ಮೇಲೆ ನಿಮಗೆ ಬೇಡ ಅನ್ನಲು ಆಗುವುದಿಲ್ಲ.

ಗೇಟಿನ ಹತ್ತಿರವೇ ಮೂಗಿಗೆ ಕೆಲಸ ಕೊಡಿ. ಮರಿಗಳಿರುವ ಕಡೆ ಸ್ವಲ್ಪ ವಾಸನೆ ಇದ್ದೇ ಇರುತ್ತದೆ. ಆದರೆ ಕಣ್ಣು ಉರಿಯುವಷ್ಟು ಉಚ್ಚೆ ವಾಸನೆ ಇದ್ದರೆ ಅಲ್ಲಿ ದಿನವೂ ತೊಳೆಯುತ್ತಿಲ್ಲ ಅಂತ. ನೆಲ ಒಣಗಿದೆಯಾ, ಮಲಗುವ ಜಾಗ ಬೇರೆ ಇದೆಯಾ, ಬಿಸಿಲು ಗಾಳಿ ಬರುತ್ತದಾ ನೋಡಿ. ಮಲಗುವ ಜಾಗದಲ್ಲೇ ಗಲೀಜು ಮಾಡಿ ಅಭ್ಯಾಸವಾದ ಮರಿಗೆ ಆಮೇಲೆ ಹೊರಗೆ ಹೋಗುವುದನ್ನು ಕಲಿಸಲು ತುಂಬ ಕಷ್ಟ.

ಇನ್ನು ತಾಯಿಯ ವಿಷಯ. ಅದಕ್ಕೆ ನಿಮ್ಮ ಸಮಯದ ಅರ್ಧವನ್ನಾದರೂ ಕೊಡಿ.

ಮೊದಲು ಅದು ನಿಜವಾಗಿಯೂ ತಾಯಿಯೇ ಅಂತ ಖಚಿತ ಮಾಡಿಕೊಳ್ಳಿ. ಬೇರೆ ಚೆಂದದ ಹೆಣ್ಣು ನಾಯಿ ತೋರಿಸಿ "ಇದೇ ತಾಯಿ" ಅನ್ನುವವರಿದ್ದಾರೆ. ಆರೇಳು ವಾರದ ಮರಿಗಳಿರುವ ನಾಯಿಯ ಮೊಲೆಗಳು ಇನ್ನೂ ಜೋತಾಡುತ್ತಿರುತ್ತವೆ, ಸುತ್ತ ಮರಿಗಳ ಉಗುರು ಗೀರಿದ ಗುರುತಿರುತ್ತದೆ. ಅದನ್ನು ಮರಿಗಳ ಹತ್ತಿರ ಬಿಡಲು ಹೇಳಿ. ಮರಿಗಳು ಓಡಿಬಂದು ಹೊಟ್ಟೆ ಕೆಳಗೆ ನುಗ್ಗುತ್ತವೆ. ಚೂಪು ಹಲ್ಲು ಬಂದಿರುವುದರಿಂದ ತಾಯಿ ಎದ್ದು ಹೋಗಬಹುದು, ಸಣ್ಣಗೆ ಗುರ್ ಅನ್ನಬಹುದು. ಅದು ಮರಿಗಳಿಗೆ ಹಾಲು ಬಿಡಿಸುವ ಸಹಜ ರೀತಿ.

ಬಾಣಂತಿ ನಾಯಿ ಸ್ವಲ್ಪ ಬಡಕಲಾಗಿರುತ್ತದೆ, ಕೂದಲು ಉದುರಿರುತ್ತದೆ. ಅದಕ್ಕೆ ಗಾಬರಿಯಾಗಬೇಡಿ. ಆದರೆ ಕಣ್ಣಲ್ಲಿ ಕಳೆ ಇಲ್ಲದೆ, ಮೊಣಕೈ, ಕಿವಿ ಅಂಚಿನಲ್ಲಿ ಕಜ್ಜಿ ಹತ್ತಿ, ಉಗುರು ಉದ್ದ ಬೆಳೆದು ಸುರುಳಿ ಸುತ್ತಿದ್ದರೆ ಅದನ್ನು ಪಂಜರದಿಂದ ಹೊರಗೆ ಬಿಡುತ್ತಿಲ್ಲ ಅಂತಲೇ ಅರ್ಥ.

ಗುಣ ನೋಡುವುದು ಹೀಗೆ. ನೀವು ಒಳಗೆ ಹೋದಾಗ ಲ್ಯಾಬ್ರಡಾರ್ ತಾಯಿ ಒಂದೆರಡು ಸಲ ಬೊಗಳಬಹುದು. ಮನೆಯವರು "ಬಾರೇ" ಅಂದ ಮೇಲೆ ಬಾಲ ಅಲ್ಲಾಡಿಸುತ್ತ ಬಂದು ನಿಮ್ಮ ಪ್ಯಾಂಟ್ ಮೂಸಬೇಕು. ಬಾಲ ಹೊಟ್ಟೆಗೆ ಅಂಟಿಸಿಕೊಂಡು ಮೂಲೆ ಸೇರಿದರೆ, ಮುಟ್ಟಲು ಹೋದಾಗ ನಡುಗಿದರೆ, ಹಲ್ಲು ಕಿರಿದರೆ ಮರಿ ಎಷ್ಟೇ ಮುದ್ದಾಗಿರಲಿ, ವಾಪಸ್ ಬನ್ನಿ. "ಮರಿ ಹಾಕಿದ ಮೇಲೆ ಹೀಗಾಗಿದೆ" ಅಂತ ಸಮಾಧಾನ ಹೇಳಬಹುದು. ಹುಟ್ಟಿದ ಮೊದಲ ಒಂದೆರಡು ವಾರಕ್ಕೆ ಆ ಮಾತು ಸರಿ. ಏಳು ವಾರದ ಮರಿಗಳಿದ್ದಾಗ ಸರಿಯಲ್ಲ. ಅಂಜುಬುರುಕುತನ ರಕ್ತದಲ್ಲೂ ಬರುತ್ತದೆ, ತಾಯಿಯನ್ನು ನೋಡಿಯೂ ಮರಿ ಕಲಿಯುತ್ತದೆ. ಪಗ್, ಶಿಹ್ ಟ್ಜು ಆದರೆ ತಾಯಿಯ ಪಕ್ಕ ಎರಡು ನಿಮಿಷ ಸುಮ್ನೆ ಕೂತು ಕೇಳಿ. ಎಚ್ಚರವಾಗಿದ್ದಾಗಲೂ ಗೊರಕೆ ಸದ್ದು ಬರುತ್ತಿದ್ದರೆ ಅದರ ಮರಿಗೂ ಅದೇ ಪಾಡು ಬರಬಹುದು.

ಮನೆಯವರನ್ನು ಎರಡು ಪ್ರಶ್ನೆ ಕೇಳಿ. ತಾಯಿಗೆ ಎಷ್ಟು ವಯಸ್ಸು, ಇದಕ್ಕೆ ಮುಂಚೆ ಯಾವಾಗ ಮರಿ ಹಾಕಿತ್ತು? ಹೆಣ್ಣು ನಾಯಿ ಸುಮಾರು ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಗಬ್ಬ ಸುಮಾರು 63 ದಿನ. ಹಿಂದಿನ ಮರಿಗಳಿಗೂ ಈ ಮರಿಗಳಿಗೂ ಏಳೆಂಟು ತಿಂಗಳ ಅಂತರವಿದ್ದರೆ ಒಂದು ಬೆದೆಯನ್ನೂ ಬಿಡದೆ ಕ್ರಾಸ್ ಮಾಡಿಸುತ್ತಿದ್ದಾರೆ ಎಂದು ಲೆಕ್ಕ.

ಕಾನೂನು ಏನು ಹೇಳುತ್ತದೆ

ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 2017ರಲ್ಲಿ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟಕ್ಕೇ ಬೇರೆ ನಿಯಮ ಬಂದಿದೆ. ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಪ್ರಮಾಣಪತ್ರ ಕಾಣುವ ಹಾಗೆ ಹಾಕಿರಬೇಕು. 18 ತಿಂಗಳು ತುಂಬದ ಹೆಣ್ಣು ನಾಯಿಗೆ ಕ್ರಾಸ್ ಮಾಡಿಸಬಾರದು. ಎಂಟು ವಾರ ತುಂಬದ ಮರಿ ಮಾರಬಾರದು. ಮರಿಗೆ ಮೈಕ್ರೋಚಿಪ್ ಇರಬೇಕು. ಸಾರ್ವಜನಿಕ ಜಾಗದಲ್ಲಿಟ್ಟು ಮಾರುವಂತಿಲ್ಲ. "ನಿಮ್ಮ ನೋಂದಣಿ ಸರ್ಟಿಫಿಕೇಟ್ ಒಂಚೂರು ನೋಡಬಹುದಾ?" ಅಂತ ಕೇಳಲು ನಾಚಿಕೆ ಬೇಡ. ನಿಯಮ ಪಾಲಿಸುವವರು ಖುಷಿಯಿಂದಲೇ ತೋರಿಸುತ್ತಾರೆ.

ಇದರಲ್ಲಿ ಎಂಟು ವಾರದ ಮಾತು ತುಂಬ ಮುಖ್ಯ. ನಮ್ಮಲ್ಲಿ 35, 40 ದಿನಕ್ಕೇ ಮರಿ ಕೊಟ್ಟುಬಿಡುವುದು ರೂಢಿಯಾಗಿದೆ. ಚಿಕ್ಕದಿದ್ದಷ್ಟೂ ಮುದ್ದು, ಬೇಗ ಹೊಂದಿಕೊಳ್ಳುತ್ತದೆ ಅನ್ನುವ ನಂಬಿಕೆ ಬೇರೆ. ನಿಜ ಸಂಗತಿ ಉಲ್ಟಾ. ಐದರಿಂದ ಎಂಟು ವಾರದ ನಡುವೆ ಮರಿಗಳು ಒಂದನ್ನೊಂದು ಕಚ್ಚಾಡುತ್ತ ಆಡುತ್ತವೆ. ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಎಂದು ಆಟ ಬಿಟ್ಟು ಹೋಗುತ್ತದೆ. ಎಷ್ಟು ಜೋರಾಗಿ ಕಚ್ಚಬಾರದು ಅನ್ನುವುದನ್ನು ಮರಿ ಕಲಿಯುವುದು ಹೀಗೆ. ಐದೇ ವಾರಕ್ಕೆ ಅದನ್ನು ಕಿತ್ತು ತಂದರೆ ಆ ಪಾಠವನ್ನು ನಿಮ್ಮ ಮಕ್ಕಳ ಕೈ ಬೆರಳಿನ ಮೇಲೆ ಕಲಿಯುತ್ತದೆ. ಅದರ ಜೊತೆಗೆ ಸುಮಾರು ಮೂರನೇ ವಾರದಿಂದ ಮೂರು ತಿಂಗಳವರೆಗೆ ಮರಿಯ ಮನಸ್ಸು ಹೊಸದನ್ನೆಲ್ಲ ಹೆದರದೆ ಒಪ್ಪಿಕೊಳ್ಳುವ ಹೊತ್ತು. ಆ ದಿನಗಳಲ್ಲಿ ಮಿಕ್ಸಿ ಸದ್ದು, ಕುಕ್ಕರ್ ಕೂಗು, ಮಕ್ಕಳ ಓಡಾಟ, ಮನೆಗೆ ಬಂದು ಹೋಗುವವರು, ಇದೆಲ್ಲದರ ನಡುವೆ ಬೆಳೆದ ಮರಿಗೆ ಮುಂದೆ ಧೈರ್ಯ ಇರುತ್ತದೆ. ಹಿತ್ತಲಿನ ಶೆಡ್‌ನಲ್ಲಿ ಬೆಳೆದದ್ದಕ್ಕೆ ದೀಪಾವಳಿ ಬಂದರೆ ಮಂಚದ ಕೆಳಗೇ ವಾಸ. ಅದಕ್ಕೇ ಮರಿಗಳನ್ನು ಮನೆಯೊಳಗೆ ಬೆಳೆಸಿದವರನ್ನು ಹುಡುಕಿ ಅನ್ನುವುದು.

ಹೇಳಿದ ವಯಸ್ಸು ನಿಜವೇ ಅಂತ ಸಂಶಯ ಬಂದರೆ ತುಟಿ ಎತ್ತಿ ಹಲ್ಲು ನೋಡಿ. ಎಂಟು ವಾರದ ಹೊತ್ತಿಗೆ ಸಾಮಾನ್ಯವಾಗಿ 28 ಹಾಲುಹಲ್ಲೂ ಬಂದಿರುತ್ತವೆ. ಮುಂದಿನವು ಮಾತ್ರ ಮೂಡಿ, ಹಿಂದೆ ಬರೀ ವಸಡು ಇದ್ದರೆ ಮರಿ ಇನ್ನೂ ಚಿಕ್ಕದು.

ಕಾಗದ ಪತ್ರ

ಜನ ಮೊದಲು ಕೇಳುವುದು "ಕೆಸಿಐ ಪೇಪರ್ ಇದೆಯಾ" ಅಂತ. ಚೆನ್ನೈನಲ್ಲಿ ಕೇಂದ್ರ ಕಚೇರಿ ಇರುವ ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವ ಆ ಪ್ರಮಾಣಪತ್ರ, ಮರಿಯ ಅಪ್ಪ ಅಮ್ಮ ಯಾರು, ಅಜ್ಜ ಅಜ್ಜಿ ಯಾರು ಅಂತ ಹೇಳುತ್ತದೆ. ಇರಬೇಕಾದ್ದೇ. ಅದರಲ್ಲಿ ಎರಡೂ ಕಡೆ ಅದೇ ಹೆಸರು ಮತ್ತೆ ಮತ್ತೆ ಬಂದಿದ್ದರೆ ಹತ್ತಿರದ ಸಂಬಂಧದಲ್ಲೇ ಕ್ರಾಸ್ ಮಾಡಿದ್ದಾರೆ ಅಂತ ತಿಳಿಯುತ್ತದೆ. ಆದರೆ ಮರಿ ಆರೋಗ್ಯವಾಗಿದೆ ಅಂತ ಅದು ಹೇಳುವುದಿಲ್ಲ. ಪೇಪರ್ ಇರುವ ಮರಿಗೂ ಕೀಲು ಕೆಟ್ಟಿರಬಹುದು. ಮೈಕ್ರೋಚಿಪ್ ನಂಬರ್ 15 ಅಂಕಿಯದು. ವೈದ್ಯರ ಹತ್ತಿರ ಸ್ಕ್ಯಾನ್ ಮಾಡಿಸಿ, ಪೇಪರಿನ ನಂಬರ್ ಜೊತೆ ತಾಳೆ ನೋಡಿ. ಬೇರೆ ಮರಿಯ ಪೇಪರ್ ಕೊಟ್ಟಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಪೇಪರಿಗಿಂತ ಹೆಚ್ಚು ಬೆಲೆ ನಾನು ಕೊಡುವುದು ಅಪ್ಪ ಅಮ್ಮನ ಎಕ್ಸ್‌ರೇಗೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್, ರಾಟ್‌ವೀಲರ್ ತಳಿಗಳಲ್ಲಿ ಹಿಪ್ ಡಿಸ್‌ಪ್ಲೇಸಿಯಾ ಜಾಸ್ತಿ. ತೊಡೆ ಮೂಳೆಯ ಗುಂಡು ತಲೆ ಸೊಂಟದ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ಮರಿಯಾಗಿದ್ದಾಗ ಏನೂ ಕಾಣುವುದಿಲ್ಲ. ವರ್ಷ ಕಳೆಯುವಷ್ಟರಲ್ಲಿ ಮೆಟ್ಟಿಲು ಹತ್ತಲು ಹಿಂದೇಟು, ಮೊಲದ ಹಾಗೆ ಎರಡೂ ಹಿಂಗಾಲು ಜೋಡಿಸಿ ಓಡುವುದು, ಎದ್ದೇಳುವಾಗ ನರಳುವುದು ಶುರುವಾಗುತ್ತದೆ. ಇದು ಬಹಳಮಟ್ಟಿಗೆ ವಂಶದಲ್ಲಿ ಬರುವಂಥದ್ದು. ಅಪ್ಪ ಅಮ್ಮನಿಗೆ ಎರಡು ವರ್ಷ ತುಂಬಿದ ಮೇಲೆ ಸೊಂಟ, ಮೊಣಕೈ ಎಕ್ಸ್‌ರೇ ತೆಗೆಸಿ, ಚೆನ್ನಾಗಿದೆ ಅಂತ ಗೊತ್ತಾದ ಮೇಲೆ ಕ್ರಾಸ್ ಮಾಡಿಸುವುದು ಸರಿಯಾದ ಕ್ರಮ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಎಕ್ಸ್‌ರೇ ಸೌಲಭ್ಯವಿದೆ, ದೊಡ್ಡ ಊರುಗಳ ಖಾಸಗಿ ಆಸ್ಪತ್ರೆಗಳಲ್ಲೂ ಇದೆ. ಹಾಗಾಗಿ "ನಮ್ಮಲ್ಲಿ ಅದೆಲ್ಲ ಆಗಲ್ಲ ಸರ್" ಅನ್ನುವುದು ಸರಿಯಾದ ಉತ್ತರವಲ್ಲ. ಲ್ಯಾಬ್ರಡಾರ್‌ಗೆ ನಿಧಾನವಾಗಿ ಕುರುಡು ತರುವ ಪಿಆರ್‌ಎ ಕಾಯಿಲೆಗೆ ಡಿಎನ್‌ಎ ಪರೀಕ್ಷೆಯೂ ಇದೆ. ಮಾಡಿಸಿದ್ದಾರಾ ಕೇಳಿ. ಡಾಬರ್‌ಮನ್ ಆದರೆ ಹೃದಯದ ಸ್ಕ್ಯಾನ್ ಕೇಳಿ. ಡ್ಯಾಶ್‌ಹಂಡ್ ಆದರೆ ಆ ವಂಶದಲ್ಲಿ ಬೆನ್ನುಹುರಿ ತೊಂದರೆ ಬಂದು ಕಾಲು ಬಿದ್ದುಹೋದ ನಾಯಿ ಇತ್ತಾ ಅಂತ ವಿಚಾರಿಸಿ.

ವ್ಯಾಕ್ಸಿನ್ ಕಾರ್ಡನ್ನು ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿ. ವ್ಯಾಕ್ಸಿನ್ ಸೀಸೆಯ ಮೇಲಿನ ಚಿಕ್ಕ ಲೇಬಲ್ ಕಿತ್ತು ಅಂಟಿಸಿರಬೇಕು. ಅದರಲ್ಲಿ ಬ್ಯಾಚ್ ನಂಬರ್, ಮುಗಿಯುವ ದಿನಾಂಕ ಇರುತ್ತದೆ. ಪಕ್ಕದಲ್ಲಿ ಹಾಕಿದ ತಾರೀಕು, ವೈದ್ಯರ ಸಹಿ, ಹೆಸರು ಮತ್ತು ನೋಂದಣಿ ಸಂಖ್ಯೆ ಇರುವ ಸೀಲು. ಬರೀ ಪೆನ್ನಿನಲ್ಲಿ "ಫಸ್ಟ್ ಡೋಸ್ ಓಕೆ" ಅಂತ ಬರೆದಿದ್ದರೆ ಅದಕ್ಕೆ ಬೆಲೆ ಇಲ್ಲ. ಮರಿಗಳ ಜೀವ ತೆಗೆಯುವ ಪಾರ್ವೊ, ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆಗಳ ವಿರುದ್ಧದ ವ್ಯಾಕ್ಸಿನ್ ಸಾಮಾನ್ಯವಾಗಿ ಆರರಿಂದ ಎಂಟು ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ, ಕೊನೆಯದು 16 ವಾರ ಆದ ಮೇಲೆ ಬರಬೇಕು. 30 ದಿನಕ್ಕೇ "ಪೂರ್ತಿ ವ್ಯಾಕ್ಸಿನ್ ಆಗಿದೆ" ಅನ್ನುವುದು ಸಾಧ್ಯವೇ ಇಲ್ಲ. ತಾಯಿ ಹಾಲಿನಿಂದ ಬಂದ ರಕ್ಷಣೆ ಇನ್ನೂ ಮೈಯಲ್ಲಿರುವಾಗ ಕೊಟ್ಟ ವ್ಯಾಕ್ಸಿನ್ ಹಿಡಿಯದೆಯೂ ಹೋಗಬಹುದು. ರೇಬೀಸ್ ಇಂಜೆಕ್ಷನ್ ಮೂರು ತಿಂಗಳಿಗೆ. ಜಂತುಹುಳು ಔಷಧಿ ಎರಡನೇ ವಾರದಿಂದ ಹದಿನೈದು ದಿನಕ್ಕೊಮ್ಮೆ ಕೊಟ್ಟಿರುವ ದಾಖಲೆ ಇರಬೇಕು.

ಈಗ ಮರಿ

ಊಟಕ್ಕೆ ಸ್ವಲ್ಪ ಮುಂಚೆ ಹೋಗಿ. ಉಂಡ ಮೇಲೆ ಎಲ್ಲ ಮರಿಗಳೂ ನಿದ್ದೆ ಹೊಡೆಯುತ್ತವೆ, ಯಾವುದು ಸಪ್ಪಗಿದೆ ಗೊತ್ತಾಗುವುದಿಲ್ಲ. ಒಂದೇ ಸಲ ಹುಟ್ಟಿದ ಅಷ್ಟೂ ಮರಿಗಳನ್ನು ನೋಡಿ. ಒಂದು ಕೆಮ್ಮುತ್ತಿದ್ದರೆ, ಒಂದಕ್ಕೆ ಭೇದಿ ಇದ್ದರೆ, ಉಳಿದವಕ್ಕೂ ಬಂದೀತು.

ಕೈಗೆ ಎತ್ತಿಕೊಂಡರೆ ಗಟ್ಟಿಯಾಗಿ, ತೂಕವಾಗಿ ಅನ್ನಿಸಬೇಕು. ವಸಡು ನಸುಗೆಂಪು ಇರಬೇಕು. ಬಿಳಿಚಿದ್ದರೆ ಹುಳದ ಕಾಟವೋ ಉಣ್ಣಿ ಕಾಟವೋ ಇರಬಹುದು. ಮೈ ಬಡಕಲು, ಹೊಟ್ಟೆ ಮಾತ್ರ ಡೊಳ್ಳು ಅಂದರೆ ಜಂತುಹುಳು. ಕಿವಿಯೊಳಗೆ ಮೂಸಿ ನೋಡಿ, ಕೆಟ್ಟ ವಾಸನೆ ಇರಬಾರದು. ಕಣ್ಣು, ಮೂಗಿನಲ್ಲಿ ಅಂಟು ಗೀಜು ಇರಬಾರದು. ಬಾಲ ಎತ್ತಿದರೆ ಕೂದಲು ಒಣಗಿ ಶುಭ್ರವಾಗಿರಬೇಕು. ಕಣ್ಣ ಸುತ್ತ, ಮುಂಗಾಲಿನ ಮೇಲೆ ಕೂದಲಿಲ್ಲದ ಬಿಲ್ಲೆಗಳಿದ್ದರೆ ವೈದ್ಯರಿಗೆ ತೋರಿಸದೆ ತೆಗೆದುಕೊಳ್ಳಬೇಡಿ. ಡೆಮೊಡೆಕ್ಸ್ ಅನ್ನುವ ಕಜ್ಜಿ ಆಗಿರಬಹುದು. ಮೈಯೆಲ್ಲ ಹರಡುವ ಬಗೆಯದು ವಂಶದಲ್ಲೂ ಬರುತ್ತದೆ. ಹೊಕ್ಕುಳಿನ ಹತ್ತಿರ ಮೆತ್ತನೆ ಗಂಟಿದೆಯಾ ಮುಟ್ಟಿ ನೋಡಿ. ಗಂಡು ಮರಿಯಾದರೆ ಬೀಜ ಎರಡೂ ಇಳಿದಿವೆಯಾ ನೋಡಿ.

ಗುಣಕ್ಕೆ ಸಣ್ಣ ಪರೀಕ್ಷೆ ಮಾಡಬಹುದು. ಸ್ವಲ್ಪ ದೂರದಲ್ಲಿ ಬೀಗದ ಕೈ ಗೊಂಚಲು ನೆಲಕ್ಕೆ ಬೀಳಿಸಿ. ಬೆಚ್ಚಿಬಿದ್ದರೆ ತಪ್ಪೇನಿಲ್ಲ. ಬೆಚ್ಚಿದ ಮೇಲೆ ಏನು ಮಾಡುತ್ತದೆ ಅನ್ನುವುದು ಮುಖ್ಯ. ಸ್ವಲ್ಪ ಹೊತ್ತಿಗೆ ಬಂದು ಮೂಸಿದರೆ ಒಳ್ಳೆಯದು. ಓಡಿಹೋಗಿ ಹೊರಗೇ ಬರದಿದ್ದರೆ ಮಕ್ಕಳಿರುವ ಮನೆಗೆ ಆ ಮರಿ ಬೇಡ. ಎಲ್ಲರನ್ನೂ ತಳ್ಳಿ ಮೊದಲು ಮೈಮೇಲೆ ಹಾರುವ ಮರಿ "ನನ್ನನ್ನೇ ಆರಿಸಿಕೊಂಡಿತು" ಅಂತ ಜನ ಕರಗುತ್ತಾರೆ. ಮೊದಲ ಸಲ ನಾಯಿ ಸಾಕುವವರಿಗೆ ನಡುವಿನ ಸ್ವಭಾವದ್ದು, ಕರೆದರೆ ಬರುವ, ಎತ್ತಿಕೊಂಡರೆ ಸ್ವಲ್ಪ ಒದ್ದಾಡಿ ಆಮೇಲೆ ಸುಮ್ಮನಾಗುವ ಮರಿ ಒಳ್ಳೆಯದು. ಈ ವಯಸ್ಸಿನಲ್ಲಿ ನೋಡಿದ್ದರಿಂದಲೇ ದೊಡ್ಡದಾದ ಮೇಲಿನ ಗುಣ ಪೂರ್ತಿ ಹೇಳಲಾಗದು. ಮರಿಗಳ ಜೊತೆ ದಿನವೂ ಇರುವ ಬ್ರೀಡರ್ ಮಾತಿಗೂ ಬೆಲೆ ಕೊಡಿ. "ನಿಮ್ಮ ಮನೆಗೆ ಇದಲ್ಲ, ಅದು ಸರಿ" ಅಂದರೆ ಕೇಳಿ.

ಮುಧೋಳ ನಾಯಿ ಬೇಕೆಂದಿದ್ದರೆ

ಮುಧೋಳದ ವಿಷಯದಲ್ಲಿ ಮೇಲೆ ಹೇಳಿದ್ದರಲ್ಲಿ ಒಂದನ್ನು ಬದಲಾಯಿಸಿಕೊಳ್ಳಬೇಕು. ಲ್ಯಾಬ್ರಡಾರ್ ಹಾಗೆ ಬಾಲ ಅಲ್ಲಾಡಿಸುತ್ತ ಅಪರಿಚಿತರ ಮೇಲೆ ಬೀಳುವ ಗುಣ ಇದರದ್ದಲ್ಲ. ಮುಧೋಳ ದೂರ ನಿಂತು ಅಳೆಯುತ್ತದೆ. ಹೊರಗಿನವರು ಮುಟ್ಟುವುದು ಅದಕ್ಕೆ ಇಷ್ಟವಾಗುವುದಿಲ್ಲ. ತಾಯಿ ನಿಮ್ಮನ್ನು ಕಂಡು ಸುಮ್ಮನೆ ನಿಂತು ನೋಡಿದರೆ, ಮಾಲೀಕರ ಪಕ್ಕ ಹೋಗಿ ನಿಂತರೆ ಅದು ಒಳ್ಳೆಯ ಗುಣವೇ. ಹೆದರಿ ಕಚ್ಚಲು ಬಂದರೆ ಮಾತ್ರ ಬೇಡ. ಪಕ್ಕೆಲುಬು, ಸೊಂಟದ ಮೂಳೆ ಕಾಣುವುದೂ ಈ ತಳಿಯಲ್ಲಿ ಸಹಜ. ಆದರೆ ತೊಡೆಯಲ್ಲಿ ಗಟ್ಟಿ ಮಾಂಸಖಂಡ ಇರಬೇಕು, ಮೈ ಮಿರುಗಬೇಕು.

ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಈ ತಳಿಯನ್ನು ಶುದ್ಧವಾಗಿ ಉಳಿಸುವುದೇ ಅದರ ಕೆಲಸ. ಮರಿ ಬೇಕೆನ್ನುವವರು ಮೊದಲು ಅಲ್ಲಿ ವಿಚಾರಿಸಬೇಕು. ಮುಧೋಳದ ಸುತ್ತಮುತ್ತಲ ಹಳ್ಳಿಗಳಲ್ಲಿ ತಲೆಮಾರುಗಳಿಂದ ಈ ನಾಯಿ ಸಾಕುವ ಮನೆಗಳಿವೆ. ಅಲ್ಲಿಗೆ ಹೋದರೆ ತಾಯಿ, ಅಜ್ಜಿ ಎಲ್ಲ ಅಂಗಳದಲ್ಲೇ ಕಾಣಸಿಗುತ್ತವೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿ ಮನ್ ಕೀ ಬಾತ್‌ನಲ್ಲಿ ಇದರ ಹೆಸರು ಹೇಳಿದ ಮೇಲೆ ಕೇಳುವವರು ಜಾಸ್ತಿಯಾದರು. ಬೇಡಿಕೆ ಏರಿದ ಕಡೆ ಬೆರಕೆ ಮರಿ ಮಾರುವವರೂ ಬರುತ್ತಾರೆ. ದೂರದ ಊರಿನಲ್ಲಿ ಕೂತು ಫೋಟೊ ನೋಡಿ ತರಿಸಬೇಡಿ, ಒಂದು ಸಲ ಹೋಗಿಬನ್ನಿ. ಇದು ಬೇಟೆ ನಾಯಿ. ಕೋಳಿ, ಬೆಕ್ಕು, ಮೇಕೆ ಮರಿ ಓಡಿದರೆ ಬೆನ್ನಟ್ಟುತ್ತದೆ. ಬೇಲಿ ಇಲ್ಲದ, ಓಡಲು ಜಾಗವಿಲ್ಲದ ಮನೆಗೆ ಇದು ಬೇಡ.

ದುಡ್ಡು, ಬರಹದ ಒಪ್ಪಂದ

ಅಪ್ಪ ಅಮ್ಮನ ಎಕ್ಸ್‌ರೇ, ಗಬ್ಬದ ಸ್ಕ್ಯಾನಿಂಗ್, ಎಂಟು ವಾರ ಮರಿಗಳ ಊಟ, ಹುಳದ ಔಷಧಿ, ವ್ಯಾಕ್ಸಿನ್, ಚಿಪ್, ಎಲ್ಲ ಸೇರಿಸಿದರೆ ಸರಿಯಾಗಿ ಸಾಕಿದ ಮರಿ ಅಗ್ಗಕ್ಕೆ ಸಿಗುವುದಿಲ್ಲ. ತೀರ ಕಡಿಮೆ ರೇಟ್ ಅಂದರೆ ಇದರಲ್ಲಿ ಯಾವುದನ್ನೋ ಬಿಟ್ಟಿದ್ದಾರೆ. ಹಾಗಂತ ದುಬಾರಿ ಮರಿಯೆಲ್ಲ ಒಳ್ಳೆಯದೂ ಅಲ್ಲ. "ಪೇಪರ್ ಬೇಕಾದ್ರೆ ಒಂದು ರೇಟ್, ಬೇಡ ಅಂದ್ರೆ ಒಂದು ರೇಟ್" ಅನ್ನುವವರನ್ನು ನಾನಂತೂ ನಂಬುವುದಿಲ್ಲ. ಪೇಪರ್ ಇರುವ ಮರಿಯ ಪೇಪರ್ ಮರಿಯ ಜೊತೆಗೇ ಬರಬೇಕು.

ಅಡ್ವಾನ್ಸ್ ಕೊಡುವುದು ತಾಯಿಯನ್ನು ಕಣ್ಣಾರೆ ನೋಡಿದ ಮೇಲೆ. ರಸೀದಿ ಪಡೆಯಿರಿ. ಒಂದು ಹಾಳೆಯಲ್ಲಿ ಇಷ್ಟು ಬರೆಸಿಕೊಳ್ಳಿ: ಹುಟ್ಟಿದ ದಿನ, ಅಪ್ಪ ಅಮ್ಮನ ಹೆಸರು, ಚಿಪ್ ನಂಬರ್, ಕೊಟ್ಟ ದುಡ್ಡು. ಎರಡು ವಾರದೊಳಗೆ ಪಾರ್ವೊ, ಡಿಸ್ಟೆಂಪರ್ ಬಂದರೆ ಏನು ಮಾಡುತ್ತಾರೆ, ಹುಟ್ಟಿನಿಂದ ಬಂದ ದೋಷ ಆಮೇಲೆ ಕಂಡರೆ ಏನು ಅನ್ನುವುದೂ ಬರಹದಲ್ಲಿರಲಿ. "72 ಗಂಟೆ ಗ್ಯಾರಂಟಿ" ಅನ್ನುವುದು ಸಾಲದು. ಪಾರ್ವೊ ಸೋಂಕು ತಗುಲಿ ಮೂರರಿಂದ ಏಳು ದಿನಕ್ಕೆ ಕಾಣಿಸಿಕೊಳ್ಳುವುದು ಸಾಮಾನ್ಯ. ಡಿಸ್ಟೆಂಪರ್‌ಗೆ ಇನ್ನೂ ಹೆಚ್ಚು ದಿನ ಬೇಕು. "ಎಷ್ಟು ವರ್ಷ ಆದಮೇಲಾದರೂ ಸಾಕೋಕೆ ಆಗದಿದ್ರೆ ನನಗೇ ವಾಪಸ್ ಕೊಡಿ, ಬೀದಿಗೆ ಬಿಡಬೇಡಿ" ಅಂತ ತಾವಾಗಿಯೇ ಬರೆಯುವ ಬ್ರೀಡರ್ ಸಿಕ್ಕರೆ ಅವರನ್ನು ಬಿಡಬೇಡಿ.

ಮನೆಗೆ ತಂದ ಮೇಲೆ

ದಾರಿಯಲ್ಲೇ ನಿಮ್ಮ ಸ್ವಂತ ವೈದ್ಯರ ಹತ್ತಿರ ಹೋಗಿ. ಬ್ರೀಡರ್ ಹೇಳಿದ ವೈದ್ಯರ ಬದಲು ನಿಮ್ಮವರಿಗೇ ತೋರಿಸಿ. ಎದೆ ಬಡಿತ, ಕಣ್ಣು, ಹೊಕ್ಕುಳು, ಮಂಡಿ ಚಿಪ್ಪು ನೋಡಿಸಿ. ಮಲದ ಸ್ಯಾಂಪಲ್‌ನಲ್ಲಿ ಪಾರ್ವೊ ಕಿಟ್ ಪರೀಕ್ಷೆ ಮಾಡಿಸಿದರೆ ಕೆಲವೇ ನಿಮಿಷದಲ್ಲಿ ಫಲಿತಾಂಶ ಬರುತ್ತದೆ. ನಿಮ್ಮ ಮನೆಯಲ್ಲಿ ಇತ್ತೀಚೆಗೆ ಪಾರ್ವೊದಿಂದ ಮರಿ ಸತ್ತಿದ್ದರೆ ಹೊಸ ಮರಿ ತರುವ ಮೊದಲೇ ವೈದ್ಯರಿಗೆ ಹೇಳಿ. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಫಿನಾಯಿಲ್‌ಗೆ ಸುಲಭವಾಗಿ ಸಾಯುವುದಿಲ್ಲ, ಬ್ಲೀಚ್ ಬೇಕು.

ಮೊದಲ ವಾರ ಬ್ರೀಡರ್ ಕೊಡುತ್ತಿದ್ದ ಊಟವನ್ನೇ ಕೊಡಿ, ಅದು ಪಪ್ಪಿ ಫುಡ್ ಆಗಿರಲಿ, ಮೊಸರನ್ನ ಆಗಿರಲಿ. ಬದಲಾಯಿಸುವುದಿದ್ದರೆ ನಿಧಾನವಾಗಿ ಬೆರೆಸುತ್ತ ಬನ್ನಿ. ತಾಯಿ ಮಲಗುತ್ತಿದ್ದ ಬಟ್ಟೆಯ ತುಂಡೊಂದನ್ನು ಕೇಳಿ ತನ್ನಿ, ಮೊದಲ ರಾತ್ರಿ ಅಳು ಕಡಿಮೆಯಾಗುತ್ತದೆ. ಮರಿ ಊಟ ಬಿಟ್ಟು, ವಾಂತಿ ಮಾಡಿ, ನಾರುವ ರಕ್ತಭೇದಿ ಶುರುವಾದರೆ ಬೆಳಗಾಗಲಿ ಅಂತ ಕಾಯಬೇಡಿ. ಪಾರ್ವೊದಲ್ಲಿ ಒಂದು ರಾತ್ರಿ ತಡವಾದರೂ ಮರಿ ಕೈತಪ್ಪುತ್ತದೆ. ರಾತ್ರಿ ತೆರೆದಿರುವ ಆಸ್ಪತ್ರೆಯ ನಂಬರನ್ನು ಮರಿ ತರುವ ಹಿಂದಿನ ದಿನವೇ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ಮರಿಗೆ ಹುಷಾರು ತಪ್ಪಿದರೆ ಬ್ರೀಡರ್‌ಗೂ ಅದೇ ದಿನ ತಿಳಿಸಿ. ಅದೇ ತಾಯಿಯ ಉಳಿದ ಮರಿಗಳು ಬೇರೆ ಬೇರೆ ಮನೆಗಳಿಗೆ ಹೋಗಿರುತ್ತವೆ. ಅವರೆಲ್ಲರಿಗೂ ಬೇಗ ಸುದ್ದಿ ಮುಟ್ಟಬೇಕು.